ಮಂಗಳವಾರದ ಹಗೇವು

ಅಜ್ಜಂಪುರದ ಹೈಸ್ಕೂಲಿನಲ್ಲಿ ಮೇಷ್ಟರ ಮೇಜಿನ ಮೇಲೆ ಎರಡು ಗಾಜಿನ ಜಾಡಿಗಳಿದ್ದವು. ಒಂದರಲ್ಲಿ ಮೊಳಕೆ ಬಂದ ರಾಗಿ, ಇನ್ನೊಂದರಲ್ಲಿ ಹುರಿದ ರಾಗಿ. ಎರಡರೊಳಗೂ ಒಂದೊಂದು ಪುಟ್ಟ ಬಟ್ಟಲಲ್ಲಿ ಸುಣ್ಣದ ತಿಳಿನೀರು. ಮೈಸೂರಿನಿಂದ ಬಂದಿದ್ದ ಓಂಕಾರಮೂರ್ತಿ ಹಿಂದಿನ ದಿನವೇ ಅವುಗಳ ಬಾಯಿ ಬಿಗಿದು ಹೋಗಿದ್ದ. ಈಗ ನೋಡಿದರೆ ಮೊಳಕೆಯ ಪಕ್ಕದ ತಿಳಿನೀರು ಹಾಲಿನಂತಾಗಿತ್ತು. ಹುರಿದ ಕಾಳಿನ ಪಕ್ಕದ್ದು ಹಾಗೇ ತಿಳಿಯಾಗಿತ್ತು.

"ಕಾಳು ಉಸಿರಾಡುತ್ತದೆಯೇ?" ಎಂದು ಕೇಳಿದ.

"ಆಡುತ್ತೆ ಸಾರ್," ಎಂದು ತರಗತಿಗೆ ತರಗತಿಯೇ ಕೂಗಿತು. ಹುರಿದ ಕಾಳು? "ಆಡಲ್ಲ ಸಾರ್." ಉಸಿರಾಡಿದ ಕಾಳು ಬಿಡುವ ಗಾಳಿ ಯಾವುದು? ಅದರ ಹೆಸರನ್ನೂ ಸೂತ್ರವನ್ನೂ ಒಪ್ಪಿಸಿದರು. ಅಲ್ಲಿನ ಮೇಷ್ಟರಿಗೆ ಎದೆ ಉಬ್ಬಿತು. ಮೈಸೂರಿನಿಂದ ಬಂದ ಪ್ರೊಫೆಸರ ಎದುರು ಮಕ್ಕಳು ಮಾನ ಉಳಿಸಿದವು ಎಂದು ಅವರು ಮೀಸೆಯಲ್ಲೇ ನಕ್ಕರು.

ಪಾಪ, ಅವರಿಗೆ ಓಂಕಾರಮೂರ್ತಿಯ ಎರಡನೆಯ ಪ್ರಶ್ನೆ ಗೊತ್ತಿರಲಿಲ್ಲ. ಅದನ್ನು ಅವನು ಎಲ್ಲರನ್ನೂ ಒಟ್ಟಿಗೆ ಕೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು, ಎದುರಿಗೆ ಕೂರಿಸಿಕೊಂಡು, ಊಟ ಆಯಿತಾ ಎಂದು ಕೇಳುವ ದನಿಯಲ್ಲಿ ಕೇಳುತ್ತಿದ್ದ: "ಒಬ್ಬ ಮನುಷ್ಯ ಬಹಳ ದಿನ ಮುಚ್ಚಿದ್ದ ಹಗೇವಿನ ಬಾಯಿ ತೆಗೆದು ಒಳಗೆ ಇಳಿದ. ಇಳಿದವನು ಅಲ್ಲೇ ಸತ್ತ. ಯಾಕೆ ಸತ್ತ?"

ಹಗೇವು ಎಂದರೆ ಆ ಬಯಲುಸೀಮೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆ ಮುಂದಿನ ನೆಲದಲ್ಲಿ ಒಬ್ಬ ಆಳು ಇಳಿಯುವಷ್ಟೇ ಅಗಲದ ಬಾಯಿ, ಒಳಗೆ ಗುಡಾಣದ ಹಾಗೆ ಅಗಲವಾದ ಹೊಟ್ಟೆ, ಸುತ್ತ ಹುಲ್ಲಿನ ಒತ್ತು. ರಾಗಿ ತುಂಬಿ ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಕ್ಕಳು ಉತ್ತರ ಹೇಳಿದರು. ಸೆಕೆ ಹೊಡೆದು ಸತ್ತ. ದೆವ್ವದ ಗಾಳಿ ಮೆಟ್ಟಿಕೊಂಡಿತು. ಹಾವಿತ್ತು. ಪೂಜೆ ಮಾಡದೆ ಇಳಿದ. ಉಸಿರಾಡುವ ಕಾಳಿನ ಮಾತನ್ನು ಯಾರೂ ಎತ್ತಲಿಲ್ಲ. ಕಡೂರಿನಲ್ಲೂ ಎತ್ತಿರಲಿಲ್ಲ, ತರೀಕೆರೆಯಲ್ಲೂ ಎತ್ತಿರಲಿಲ್ಲ. ಆ ಎತ್ತದಿದ್ದುದನ್ನೇ ಹಿಡಿದು ಓಂಕಾರಮೂರ್ತಿ ದೊಡ್ಡವನಾಗಿದ್ದ. ದೆಹಲಿಯ ಸಭೆಯೊಂದರಲ್ಲಿ ಪ್ರಬಂಧ ಓದಿದ್ದ, ಅದಕ್ಕೆ ಚಪ್ಪಾಳೆ ಬಿದ್ದಿತ್ತು, ತರಬೇತಿ ಕಾಲೇಜಿನಲ್ಲಿ ಅವನಿಗೊಂದು ಕೋಣೆ, ಕೋಣೆಗೊಬ್ಬ ಜವಾನ ಸಿಕ್ಕಿದ್ದರು. ಮಕ್ಕಳ ತಲೆಯಲ್ಲಿ ಪಾಠ ಒಂದು ಕಡೆ, ಬದುಕು ಒಂದು ಕಡೆ. ಎರಡರ ನಡುವೆ ಬಾಗಿಲಿಲ್ಲ ಎಂಬುದು ಅವನ ಸಂಶೋಧನೆಯ ಸಾರ.

ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಹುಡುಗಿ ಬಂದು ಕೂತಳು. ಎರಡು ಜಡೆ, ತೋಳಿಗೆ ತೇಪೆ ಹಾಕಿದ ರವಿಕೆ. ಓಂಕಾರಮೂರ್ತಿ ತಲೆಯೆತ್ತದೆ ಎರಡನೆಯ ಪ್ರಶ್ನೆ ಕೇಳಿದ.

"ಮಂಗಳವಾರ ತೆಗ್ದಿದ್ದಕ್ಕೆ ಸಾರ್," ಅಂದಳು.

ಅವನು ತಲೆಯೆತ್ತಿದ. ಅಣ್ಣನ ಹಣೆ, ಅಣ್ಣನ ಗದ್ದ. ನೀಲಾಂಬಿಕೆ, ಅವನ ಅಣ್ಣ ಷಣ್ಮುಖಪ್ಪನ ಮಗಳು. ಸೋದರಮಾವನ ಮನೆಯಲ್ಲಿದ್ದುಕೊಂಡು ಇಲ್ಲಿ ಓದುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅದು ಗೊತ್ತಿದ್ದೂ ಬಂದಿದ್ದನೋ, ಮರೆತು ಬಂದಿದ್ದನೋ, ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

"ಆ ಜಾಡಿಯೊಳಗಿನ ಗಾಳಿಗೂ ಹಗೇವಿನ ಗಾಳಿಗೂ ಏನಾದರೂ ಸಂಬಂಧ ಇದೆಯೇನಮ್ಮ?"

"ಜಾಡಿ ಪಾಠದ್ದು ಸಾರ್," ಅಂದಳು. "ಹಗೇವು ನಮ್ಮನೇದು."

ಆಮೇಲೆ ದನಿ ತಗ್ಗಿಸಿ, "ಅಮ್ಮ ತೆಗಿಸ್ದೆ ಇದ್ದಿದ್ರೆ ಅಪ್ಪ ಇರ್ತಿದ್ರು, ಅಲ್ವಾ ಚಿಕ್ಕಪ್ಪ?" ಎಂದಳು.

ಓಂಕಾರಮೂರ್ತಿಗೆ ಏನೂ ಅನ್ನಿಸಲಿಲ್ಲ. ಅವನಿಗೆ ಏನಾದರೂ ಅನ್ನಿಸಿ ಹನ್ನೆರಡು ವರ್ಷವಾಗಿತ್ತು. "ಇನ್ನೊಬ್ಬರನ್ನು ಕಳಿಸು," ಎಂದ.

ಆ ಹನ್ನೆರಡು ವರ್ಷದ ಹಿಂದಿನ ಸಂಗತಿ ಇಷ್ಟೇ. ಚೌಳಹಿರಿಯೂರಿನ ಮಗ್ಗುಲ ಹಳ್ಳಿಯಲ್ಲಿ ಅವರ ಮನೆ. ಮಠಕ್ಕೆ ನಡೆದುಕೊಳ್ಳುವ, ನಾಲ್ಕು ಎಕರೆ ಹೊಲದ ಸಾಧಾರಣ ಕುಳ. ಓಂಕಾರಮೂರ್ತಿ ಮೈಸೂರಿನಲ್ಲಿ ಜೀವಶಾಸ್ತ್ರ ಓದಿ ಮೊದಲ ದರ್ಜೆಯಲ್ಲಿ ಪಾಸು ಮಾಡಿ ಬಂದಿದ್ದ. ಮಳೆಗಾಲ ಆಗಷ್ಟೇ ಮುಗಿದಿತ್ತು. ಹುರುಳಿ ಕೀಳಲು ಆಳುಗಳು ಬಂದಿದ್ದರು, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಅತ್ತಿಗೆ ಪ್ರೇಮಮ್ಮ ಗಂಡನಿಗೆ, ಹಗೇವಿಂದ ಒಂದು ಪುಟ್ಟಿ ರಾಗಿ ತೆಗೆದುಕೊಡಿ ಎಂದಳು. ಅಂದು ಮಂಗಳವಾರ. ಮಂಗಳವಾರ, ಶುಕ್ರವಾರ ಹಗೇವು ಮುಟ್ಟಬಾರದೆಂದು ತಾಯಿ ಗುರುಶಾಂತಮ್ಮ ಗೊಣಗಿದಳು. ಆಳುಗಳ ಹೊಟ್ಟೆಗೆ ವಾರ ಗೊತ್ತಾ ಎಂದು ಪ್ರೇಮಮ್ಮ ನಕ್ಕಳು. ಆ ನಗುವನ್ನು ಊರು ಇವತ್ತಿಗೂ ಮರೆತಿಲ್ಲ.

ಹಗೇವಿನ ಬಾಯಿ ತೆಗೆದು ಒಂದು ಹಗಲು ಹಾಗೇ ಬಿಡುವುದು ಹಿಂದಿನವರ ಪದ್ಧತಿ. ಷಣ್ಮುಖಪ್ಪ ಬೇಸಗೆಯಲ್ಲಿ ಎಷ್ಟೋ ಸಲ ಬಾಯಿ ತೆಗೆದ ಕೂಡಲೇ ಇಳಿದು ಹತ್ತಿದ್ದವನು. ಅವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಚಪ್ಪಡಿ ಸರಿಸಿದಾಗ ಒಳಗಿನಿಂದ ಬೆಚ್ಚಗೆ, ಹುಳಿಹುಳಿಯಾಗಿ ಒಂದು ವಾಸನೆ ಬಂತು. ಬಾಯಿಯ ಪಕ್ಕದಲ್ಲೇ ನಿಂತಿದ್ದ ಓಂಕಾರಮೂರ್ತಿಗೆ ಅದು ಮೂಗಿಗೆ ಬಡಿಯಿತು. ನೀರು ಬಸಿದಿದೆ, ಕಾಳು ನೆನೆದಿದೆ ಎಂದು ಗೊತ್ತಾಯಿತು. ನೆನೆದ ಕಾಳು ಜೋರಾಗಿ ಉಸಿರಾಡುತ್ತದೆ, ಮುಚ್ಚಿದ ಜಾಗದಲ್ಲಿ ಆ ಉಸಿರು ತಳದಲ್ಲಿ ನಿಲ್ಲುತ್ತದೆ, ಅದರಲ್ಲಿ ದೀಪ ಉರಿಯುವುದಿಲ್ಲ. ಇಷ್ಟನ್ನೂ ಅವನು ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದ. ಆ ಪುಟ ಹಾಗೇ ಕಣ್ಣ ಮುಂದೆ ಬಂತು. ಬಂದು, ಪರೀಕ್ಷೆಯ ಹಾಲ್‌ನಲ್ಲೇ ಉಳಿಯಿತು.

"ಏನೋ ಪಂಡಿತ, ಹಿಂಗೆ ಮೂಗು ಮುಚ್ಕೊಂಡ್ರೆ ಮುದ್ದೆ ಹೆಂಗೋ ಉಣ್ತೀಯ?" ಎಂದು ಅಣ್ಣ ರೇಗಿಸಿ ಪುಟ್ಟಿ ಹಿಡಿದು ಇಳಿದ. ಮತ್ತೆ ಮಾತಾಡಲಿಲ್ಲ. ಹಗ್ಗ ಕೊಕ್ಕೆ ಹಾಕಿ ಮೇಲೆತ್ತುವಷ್ಟರಲ್ಲಿ ಮುಗಿದಿತ್ತು.

ಹಗೇವನ್ನು ಅಂದೇ ಮುಚ್ಚಿದರು, ರಾಗಿ ಇದ್ದ ಹಾಗೇ. ತಾಯಿ ತನ್ನ ಒಲೆಯನ್ನು ಬೇರೆ ಹಾಕಿಕೊಂಡಳು. ಸೊಸೆಯ ಕೈಯಿಂದ ಒಂದು ಲೋಟ ನೀರನ್ನೂ ಮತ್ತೆ ಮುಟ್ಟಲಿಲ್ಲ. ಮಂಗಳವಾರ ಹಗೇವು ತೆಗೆಸಿ ಗಂಡನನ್ನು ನುಂಗಿಸಿದವಳು ಎಂಬ ಹೆಸರು ಪ್ರೇಮಮ್ಮನಿಗೆ ಅಂಟಿತು. ಹಬ್ಬದ ದಿನ ಅವಳು ಎದುರು ಬಂದರೆ ಜನ ದಾರಿ ಬಿಟ್ಟು ನಡೆಯುತ್ತಿದ್ದರು. ಒಂದು ಮಾತಿನಲ್ಲಿ ಅದನ್ನು ಬಿಡಿಸಬಹುದಾದವನು ಮೈಸೂರಿಗೆ ಹೋಗಿ, ಆ ಮಾತನ್ನು ಸಿಕ್ಕಸಿಕ್ಕ ಮಕ್ಕಳಿಗೆಲ್ಲ ಹೇಳಿಕೊಂಡು ತಿರುಗಿದ. ದೆಹಲಿಯಲ್ಲಿ ಹೇಳಿದ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಇಂಥವನನ್ನು ಏನೆಂದು ಕರೆಯಬೇಕೋ, ಓದುಗರಿಗೇ ಬಿಟ್ಟಿದ್ದೇನೆ.

ನೀಲಾಂಬಿಕೆಗೆ ದಸರಾ ರಜೆ ಸಿಕ್ಕಿತು. ಓಂಕಾರಮೂರ್ತಿ ಜಾಡಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಮೈಸೂರಿನ ಕಡೆಗೆ ಹೋಗಬೇಕಾದವನು ಹುಡುಗಿಯ ಜೊತೆ ಊರಿನ ಬಸ್ಸು ಹತ್ತಿದ.

ಮನೆಯಲ್ಲಿ ಪ್ರೇಮಮ್ಮ ಸೊಸೈಟಿಯಲ್ಲಿ ಕೊಟ್ಟ ಅಮೆರಿಕದ ಕೆಂಪು ಜೋಳವನ್ನು ಕೇರುತ್ತಿದ್ದಳು. ಮಳೆ ಕೈಕೊಟ್ಟ ಆ ವರ್ಷ ಎಲ್ಲರ ಮನೆಯಲ್ಲೂ ಅದೇ. ತಾಯಿ ಜಗಲಿಯ ಮೇಲೆ ಕೂತು ಮಗನ ಮುಖ ಸವರಿ, "ಬಂದ್ಯಾ ಓಂಕಾರ, ಸೊರಗೋಗಿದೀಯಲ್ಲೋ," ಎಂದಳು. ಮುದುಕಿಗೆ ಉಳಿದಿರುವ ಒಬ್ಬನೇ ಮಗ. ಸೊಸೆಯನ್ನು ಅವಳು ಮಾತಿನಲ್ಲಿ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದಳು.

ಮುದುಕಿ ಮಲಗಿದ ಹೊತ್ತು ನೋಡಿ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತಿಗೆಗೆ ಕಾಳಿನ ಉಸಿರಿನ ಪಾಠ ಹೇಳಿದ. ಚೆನ್ನಾಗಿಯೇ ಹೇಳಿದ, ಹೇಳುವುದು ಅವನ ಕಸುಬು. ಯಾವ ವಾರ ತೆಗೆದಿದ್ದರೂ ಅದೇ ಆಗುತ್ತಿತ್ತು, ನಿಮ್ಮ ತಪ್ಪಿಲ್ಲ ಎಂದ.

ಪ್ರೇಮಮ್ಮ ಮೊರ ಕೆಳಗಿಟ್ಟಳು. "ನನ್ ತಪ್ಪಿಲ್ಲ ಅಂತ ನಂಗೇ ಹೇಳಕ್ಕೆ ಇಷ್ಟು ದೂರ ಬಂದ್ಯೇನಪ್ಪಾ? ನಂಗೆ ಗೊತ್ತಿಲ್ವಾ ಅದು? ಹೊಟ್ಟೆಗಿಲ್ದೆ ರಾಗಿ ಕೇಳಿದ್ರೆ ಯಾವ ದೇವ್ರು ಗಂಡನ್ನ ಕಿತ್ಕೊಂತಾನೆ? ಗೊತ್ತಿಲ್ದೆ ಇರೋದು ಅವ್ರಿಗೆ." ಜಗಲಿಯ ಕಡೆ, ಬೀದಿಯ ಕಡೆ ಕೈ ತೋರಿಸಿದಳು. "ನನ್ ಮಗಳಿಗೆ."

"ಏನು ಮಾಡಲಿ ಅತ್ತಿಗೆ?"

"ಹಗೇವು ತೆಗಿ. ಜೋಳ ತಿಂದು ನಾಲ್ಗೆ ಸತ್ತೋಗಿದೆ. ಕರೆದ್ರೆ ಊರಲ್ಲಿ ಒಬ್ರೂ ಬರಲ್ಲ. ನೀನೇ ಇಳಿ. ಮಂಗಳವಾರ ಇಳಿ, ಎಲ್ಲಾರೂ ನೋಡ್ಲಿ. ಇಳ್ದು ಹತ್ತಿ ಬಂದ್ರೆ ನನ್ ತಲೆ ಮ್ಯಾಲಿಂದು ಇಳಿಯುತ್ತೆ." ಮೊರ ಮತ್ತೆ ಕೈಗೆತ್ತಿಕೊಂಡು, "ಹೆದ್ರಿಕೆ ಆದ್ರೆ ಬ್ಯಾಡ," ಎಂದಳು.

ಹೆದರಿಕೆಯಾಗಲು ಮೊದಲು ಏನಾದರೂ ಅನ್ನಿಸಬೇಕಲ್ಲ. ಅವನು ಆಗಲಿ ಎಂದ.

ಮಂಗಳವಾರ ಬೆಳಗ್ಗೆ ಹಗೇವಿನ ಸುತ್ತ ಅರ್ಧ ಊರು ಸೇರಿತ್ತು. ಸತ್ತವನ ತಮ್ಮ, ಅದೂ ಮೈಸೂರಿನ ಪ್ರೊಫೆಸರು, ಮಂಗಳವಾರವೇ ಇಳಿಯುತ್ತಾನಂತೆ ಎಂದರೆ ಯಾರು ತಾನೇ ಹೊಲಕ್ಕೆ ಹೋದಾರು? ಹಿರಿಯ ಈರಭದ್ರಪ್ಪ ಕಂಬಳಿ ಹಾಸಿ ಮುಂದೆಯೇ ಕೂತ. ಅಂದು ಕೊಕ್ಕೆ ಹಾಕಿ ಷಣ್ಮುಖಪ್ಪನನ್ನು ಎತ್ತಿದವನು ಅವನೇ. ಗುರುಶಾಂತಮ್ಮ ಜಗಲಿಯ ಕಂಬಕ್ಕೆ ಒರಗಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ಬ್ಯಾಡ ಕಣೋ ಓಂಕಾರ, ನಿನ್ನೂ ಕಳ್ಕೊಳಕ್ಕಾಗಲ್ಲ," ಎಂದು ಅತ್ತಳು. ಆಮೇಲೆ ಗೋಡೆಯತ್ತ ತಿರುಗಿ, "ಒಬ್ಬನ್ನ ತಿಂದಿದ್ದು ಸಾಲ್ದೇನೋ," ಎಂದಳು. ಪ್ರೇಮಮ್ಮ ಬಾಗಿಲ ಚೌಕಟ್ಟಿನೊಳಗೇ ನಿಂತಿದ್ದಳು.

ಮಣ್ಣು ಕೆರೆದು ಚಪ್ಪಡಿ ಸರಿಸಿದರು. ಅದೇ ವಾಸನೆ, ಸ್ವಲ್ಪ ಹಳತಾಗಿ. ಓಂಕಾರಮೂರ್ತಿ ಲಾಂದ್ರ ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಎದೆಯುದ್ದ ಇಳಿಯುವಷ್ಟರಲ್ಲಿ ಅದು ಆರಿತು. ಜನ ಹಿಂದೆ ಸರಿದರು. ಅವನು ಮತ್ತೆ ಹೊತ್ತಿಸಿ ಬಿಟ್ಟ, ಮತ್ತೆ ಆರಿತು. ಅಲ್ಲೇ ಬೀದಿಯಲ್ಲೇ ಪೆಟ್ಟಿಗೆ ಬಿಚ್ಚಿ ಜಾಡಿಗಳನ್ನು ತೋರಿಸಿದ. ಎಲೆಯಡಿಕೆಯ ಸುಣ್ಣವನ್ನೇ ಕದಡಿ ತಿಳಿ ಬಸಿದು, ಬಟ್ಟಲಲ್ಲಿ ಹಗೇವಿಗೆ ಇಳಿಸಿ ಹೊತ್ತು ಬಿಟ್ಟು ಎತ್ತಿದ. ಮೇಲೆ ಬಿಳಿಯ ಕೆನೆ ಕಟ್ಟಿತ್ತು. ಕಾಳಿನ ಉಸಿರು, ಬೂಷ್ಟಿನ ಉಸಿರು, ಅದರ ಭಾರ, ಎಲ್ಲ ಹೇಳಿದ. ಮೈಸೂರಿನ ಕಾಲೇಜಿನಲ್ಲೂ ಅವನು ಇಷ್ಟು ಸಲೀಸಾಗಿ ಪಾಠ ಮಾಡಿರಲಿಲ್ಲ. ಜನ ಹೌದೌದು ಎಂದು ತಲೆದೂಗಿದರು.

ಹೊಂಗೆಯ ಸೊಪ್ಪಿನ ಕಂತೆ ಕಟ್ಟಿ ಹಗೇವಿಗೆ ಇಳಿಸಿ, ಎತ್ತಿ, ಇಳಿಸಿ, ಒಳಗಿನ ಗಾಳಿಯನ್ನು ಕಲಕಿದರು. ಸೂರ್ಯ ನೆತ್ತಿ ದಾಟಿ ಬಾಗಿದ ಮೇಲೆ ಲಾಂದ್ರ ತಳಮುಟ್ಟಿಯೂ ಉರಿಯುತ್ತಲೇ ಇತ್ತು. ಓಂಕಾರಮೂರ್ತಿ ಷರಾಯಿ ಮಡಚಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿದ.

ಕಾಲಿಗೆ ತಣ್ಣನೆಯ ರಾಗಿ ಸಿಕ್ಕಿತು. ಒಂದು ಪಕ್ಕ ಬೂಷ್ಟು ಹಿಡಿದು ಗಟ್ಟಿಯಾಗಿತ್ತು. ಮಿಕ್ಕಿದ್ದು ಕಪ್ಪಗಾಗಿದ್ದರೂ ಚೆನ್ನಾಗಿಯೇ ಇತ್ತು. ಲಾಂದ್ರದ ಬೆಳಕಿನಲ್ಲಿ ಒಂದು ಪುಟ್ಟಿ ಕಂಡಿತು. ಅಣ್ಣ ಹಿಡಿದು ಇಳಿದದ್ದೇ. ಅರ್ಧ ತುಂಬಿತ್ತು. ಅದರ ಪಕ್ಕದಲ್ಲಿ ರಾಗಿಯ ಮೇಲೆ ಮನುಷ್ಯ ಒರಗಿದಂಥ ಒಂದು ತಗ್ಗು ಇನ್ನೂ ಇತ್ತು. ಅವನು ಅದನ್ನು ನೋಡಿದ. ಅಳು ಬರುತ್ತದೇನೋ ಎಂದು ಕಾದ, ಬರಲಿಲ್ಲ. ಉಳಿದರ್ಧವನ್ನು ಬೊಗಸೆಯಲ್ಲಿ ತುಂಬಿ, ಪುಟ್ಟಿಯನ್ನು ಹಗ್ಗಕ್ಕೆ ಕಟ್ಟಿ ಎಳೆಯಿರಿ ಎಂದು ಕೂಗಿದ. ಆಮೇಲೆ ತಾನೂ ಹತ್ತಿ ಬಂದ.

ಜನ ಉಸಿರು ಬಿಟ್ಟರು. ಓಂಕಾರಮೂರ್ತಿ ಬಾಗಿಲ ಕಡೆ ನೋಡಿದ. ಪ್ರೇಮಮ್ಮ ಒಂದು ಹೆಜ್ಜೆ ಹೊರಗೆ ಇಟ್ಟಿದ್ದಳು.

ಈರಭದ್ರಪ್ಪ ಎಲೆ ಉಗುಳಿ ಬಾಯಿ ಒರೆಸಿಕೊಂಡ. "ಒಂದ್ ಸಲ ತಗೊಂಡೈತಲ್ಲ, ಅದ್ಕೇ ಬಿಟ್ಟೈತೆ," ಎಂದ. "ಒಂದೇ ಮನೇಲಿ ಎರಡು ಬಲಿ ತಗೊಳಲ್ಲ ಅದು."

"ಹೌದು ಹೌದು," ಎಂದರು ಪಾಠಕ್ಕೆ ತಲೆದೂಗಿದ್ದ ಜನರೇ, ಅದೇ ತಲೆ ಆಡಿಸಿ. "ಇವ್ರಿಗೂ ಒಳ್ಳೇದಾಯ್ತು ಬಿಡಿ. ಅವತ್ತು ಆಯಮ್ಮ ಬಾಯಿ ತಡ್ಕೊಂಡಿದ್ರೆ ಅವನೂ ಇರ್ತಿದ್ದ," ಎಂದು ಯಾರೋ ಹೇಳಿದರು. ಪ್ರೇಮಮ್ಮ ಹೊರಗಿಟ್ಟ ಹೆಜ್ಜೆಯನ್ನು ಒಳಗೆ ತೆಗೆದುಕೊಂಡಳು. ನೀಲಾಂಬಿಕೆ ಚಿಕ್ಕಪ್ಪನ ಜಾಡಿಗಳನ್ನು ಹುಷಾರಾಗಿ ಹುಲ್ಲಿನಲ್ಲಿ ಸುತ್ತುತ್ತಿದ್ದಳು.

ಓಂಕಾರಮೂರ್ತಿ ಅಲ್ಲೇ ನಿಂತ. ಇದು ಅವನಿಗೆ ಹೊಸದೇನಾಗಿರಲಿಲ್ಲ. ಇದನ್ನೇ ಅಲ್ಲವೇ ಅವನು ದೆಹಲಿಯಲ್ಲಿ ಓದಿದ್ದು? ತೋರಿಸಿದರೆ ಜನ ನೋಡುತ್ತಾರೆ, ಹೇಳಿದರೆ ತಲೆದೂಗುತ್ತಾರೆ, ಹಳೆಯ ನಂಬಿಕೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತದೆ, ಬಿಟ್ಟು ಹೋಗುವುದಿಲ್ಲ. ಹೋಗಬೇಕಾದರೆ ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಂದು ಮಾಡಬೇಕು. ಮಂಗಳವಾರ ಈ ಊರಿನಲ್ಲಿ ಯಾವ ಕೆಲಸ ಮಾಡುತ್ತಿತ್ತು? ಗಟ್ಟಿಮುಟ್ಟಾದ ಒಬ್ಬ ಗಂಡಸು ಸತ್ತದ್ದಕ್ಕೆ ಒಬ್ಬರನ್ನು ಬೊಟ್ಟು ಮಾಡಿ ತೋರಿಸುತ್ತಿತ್ತು. ಗಾಳಿಯನ್ನು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಇನ್ನೊಬ್ಬ ಮನುಷ್ಯ.

"ಈರಭದ್ರಣ್ಣ, ಸ್ವಲ್ಪ ಕೂತ್ಕೋ," ಎಂದ. ಅವನ ಬಾಯಲ್ಲಿ ಊರಿನ ಮಾತು ತಾನಾಗಿ ಬಂತು. "ಅವತ್ತು ನಾನು ಇಲ್ಲೇ, ಇದೇ ಜಾಗ್ದಲ್ಲಿ ನಿಂತಿದ್ದೆ. ಚಪ್ಪಡಿ ತೆಗೆದಾಗ ಇದೇ ವಾಸ್ನೆ ಬಂತು. ಇಳಿದ್ರೆ ಜೀವ ಹೋಗುತ್ತೆ ಅಂತ ನಂಗೆ ಗೊತ್ತಿತ್ತು. ಇವತ್ತು ನಿಮ್ಗೆ ಹೇಳಿದ್ನಲ್ಲ, ಅಷ್ಟೂ ಅವತ್ತೇ ಗೊತ್ತಿತ್ತು. ಅದನ್ನೇ ಬರೆದು ಫಸ್ಟ್ ಕ್ಲಾಸ್ ತಗೊಂಡಿದ್ದೆ. ಅಣ್ಣ ಇಳಿಯೋದನ್ನ ನೋಡ್ತಾ ನಿಂತಿದ್ದೆ. ಹೇಳ್ಲಿಲ್ಲ."

ಈರಭದ್ರಪ್ಪ ಕೇಳಿದ: "ಗೊತ್ತಿದ್ದೂ ಯಾಕೋ ಹೇಳ್ಲಿಲ್ಲ?"

"ಅದು ಪಾಠದ್ದು ಅಂದ್ಕೊಂಡೆ," ಎಂದ ಓಂಕಾರಮೂರ್ತಿ.

ಹುಲ್ಲು ಸುತ್ತುತ್ತಿದ್ದ ನೀಲಾಂಬಿಕೆಯ ಕೈ ನಿಂತಿತು. ಅವಳು ಜಾಡಿಯನ್ನು ನೋಡಿದಳು, ಹಗೇವಿನ ಬಾಯಿಯನ್ನು ನೋಡಿದಳು. ಆಮೇಲೆ ಎದ್ದು ಅಮ್ಮನ ಪಕ್ಕಕ್ಕೆ ಹೋಗಿ ನಿಂತಳು.

ಈರಭದ್ರಪ್ಪ ಕಂಬಳಿ ಕೊಡವಿಕೊಂಡು ಎದ್ದ. ಹೋಗುವಾಗ ಓಂಕಾರಮೂರ್ತಿಗೆ ಹೋಗಿಬರುತ್ತೇನೆ ಅನ್ನಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಅವನನ್ನು ಬಳಸಿಕೊಂಡು, ಸ್ವಲ್ಪ ದೂರದಿಂದ ನಡೆದರು. ಹೆಂಗಸರಲ್ಲಿ ಒಬ್ಬಿಬ್ಬರು ಬಾಗಿಲ ಕಡೆ ತಿರುಗಿ, ಬರ್ತೀವಿ ಕಣೇ ಪ್ರೇಮಮ್ಮ ಎಂದರು.

ಜಗಲಿಯ ಮೇಲೆ ಮುದುಕಿಗೆ ಕೆಮ್ಮು ಹತ್ತಿತು. ಅತ್ತು ಅತ್ತು ಗಂಟಲು ಒಣಗಿತ್ತೇನೋ. ಓಂಕಾರಮೂರ್ತಿ ಒಳಗೆ ಹೋಗಿ, ಅವಳ ಒಲೆಯ ಪಕ್ಕದ ಅವಳದೇ ಗಡಿಗೆಯಿಂದ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದ. "ತಗೋಳವ್ವ," ಎಂದ.

ಗುರುಶಾಂತಮ್ಮ ಚೊಂಬನ್ನು ನೋಡಿದಳು. ಚೊಂಬು ಹಿಡಿದ ಕೈಯನ್ನು ನೋಡಿದಳು. ಅವಳು ಬಯ್ಯಲಿಲ್ಲ. ಬೆರಳ ತುದಿಯಿಂದ ಆ ಕೈಯನ್ನು ಪಕ್ಕಕ್ಕೆ ಸರಿಸಿ ಬಾಗಿಲ ಕಡೆ ಮುಖ ಮಾಡಿದಳು.

"ಪ್ರೇಮಾ," ಎಂದು ಕರೆದಳು. "ಒಂದ್ ಲೋಟ ನೀರ್ ತಗಂಬಾರೇ."

ಪ್ರೇಮಮ್ಮ ನಿಂತಲ್ಲೇ ನಿಂತಳು. ಆಮೇಲೆ ಸರಕ್ಕನೆ ಒಳಗೆ ಹೋದಳು. ಲೋಟ ಗಡಿಗೆಗೆ ತಾಗಿದ ಸದ್ದು ಕೇಳಿಸಿತು. ತಂದು ಕೊಟ್ಟಳು. ಮುದುಕಿ ಎರಡೂ ಕೈಯಲ್ಲಿ ಲೋಟ ಹಿಡಿದು ನಿಧಾನವಾಗಿ, ಪೂರ್ತಿ ಕುಡಿದಳು.

ಓಂಕಾರಮೂರ್ತಿಯ ಕೈಯಲ್ಲಿ ಚೊಂಬು ಹಾಗೇ ಇತ್ತು. ಎದೆಯಲ್ಲಿ ನೋವಾಯಿತು. ಬಹಳ ನೋವಾಯಿತು, ಅಣ್ಣ ಸತ್ತಿದ್ದಾನೆ ಎಂದು ಈಗ ಅನ್ನಿಸಿತು.

ಪ್ರೇಮಮ್ಮ ಖಾಲಿ ಲೋಟ ತೆಗೆದುಕೊಂಡು, ಮಗಳನ್ನು ಕರೆದು, ಹಗೇವಿನ ಬಾಯಿಯ ಪಕ್ಕದಲ್ಲಿದ್ದ ಪುಟ್ಟಿಯನ್ನು ಎತ್ತಿಸಿಕೊಂಡು ಒಳಗೆ ಹೋದಳು. ರಾಗಿಯನ್ನು ಕೇರಿ, ತೊಳೆದು, ಒಣಗಿಸಬೇಕಿತ್ತು.